ಯಾವ ಮರ್ಫಿ?

ಡಬ್ಲಿನ್ನಿನ ಕಿಲ್ಡೇರ್ ಬೀದಿಯಲ್ಲಿ ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಇದೆ. ನನ್ನ ಆಫೀಸು ಅಲ್ಲಿಂದ ಹತ್ತು ನಿಮಿಷದ ನಡಿಗೆ, ದಿನಾ ಅದರ ಮುಂದೆಯೇ ಹಾದು ಹೋಗುತ್ತೇನೆ. ಬೇಸಿಗೆ ಬಂತೆಂದರೆ ಅಲ್ಲಿ ಒಂದು ಥರದ ಜನ ಕಾಣಿಸಿಕೊಳ್ಳುತ್ತಾರೆ. ವಯಸ್ಸು ಅರವತ್ತರ ಮೇಲೆ, ಮೈಮೇಲೆ ಮಳೆಕೋಟು, ಕಂಕುಳಲ್ಲಿ ಪ್ಲಾಸ್ಟಿಕ್ ಫೋಲ್ಡರು. ಅಮೆರಿಕದವರು, ಆಸ್ಟ್ರೇಲಿಯಾದವರು, ಕೆನಡಾದವರು. ಮೊದಲು ಪ್ರವಾಸಿಗಳು ಅಂದುಕೊಂಡಿದ್ದೆ. ಆದರೆ ಪ್ರವಾಸಿಗಳ ಮುಖ ಇಷ್ಟು ಗಂಭೀರವಾಗಿರೋದಿಲ್ಲ. ಆಮೇಲೆ ಗೊತ್ತಾಯ್ತು, ಇವರೆಲ್ಲ ಸತ್ತವರನ್ನು ಹುಡುಕಿಕೊಂಡು ಬಂದವರು.

ಅಂಥವರಲ್ಲಿ ಒಬ್ಬ ನಮ್ಮ ಆಫೀಸಿಗೇ ಬಂದ. ಬಾಸ್ಟನ್ ಕಡೆಯವನು, ಆರು ತಿಂಗಳ ಕೆಲಸಕ್ಕೆ ಅಂತ ಕಳಿಸಿದ್ದರು. ಅಡ್ಡಹೆಸರು ಮರ್ಫಿ. ಬಂದ ಮೊದಲ ವಾರವೇ ಊಟದ ಮೇಜಿನಲ್ಲಿ ಹೇಳಿದ: ಅವನ ಮುತ್ತಜ್ಜನ ಅಪ್ಪ ಜೇಮ್ಸ್ ಮರ್ಫಿ 1848ರಲ್ಲಿ ಕಾರ್ಕ್ ಜಿಲ್ಲೆಯಿಂದ ಹಡಗು ಹತ್ತಿದವನು. ಊರು ಯಾವುದು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಬಾಸ್ಟನ್ನಿನಲ್ಲಿ ಅವನ ತಾಯಿಗೆ ವಯಸ್ಸಾಗಿದೆ. ಅವರು ಕೇಳಿದ್ದು ಒಂದೇ. "ನಾವು ಹೊರಟ ಊರಿನ ಫೋಟೋ ಒಂದು ಕಳಿಸು."

ಅಷ್ಟು ಸಣ್ಣ ಕೆಲಸ ಅಲ್ವಾ ಅನ್ನಿಸಿತು ನನಗೆ.

ಅವನು ಒಬ್ಬ ಜೀನಿಯಾಲಜಿಸ್ಟ್‌ರನ್ನು ಗೊತ್ತು ಮಾಡಿಕೊಂಡಿದ್ದ. ಗಂಟೆಗಿಷ್ಟು ಅಂತ ಹಣ ತೆಗೆದುಕೊಂಡು ಬೇರೆಯವರ ವಂಶಾವಳಿ ಹುಡುಕಿ ಕೊಡುವ ಕೆಲಸ. ಇಲ್ಲಿ ಅದೊಂದು ಸರಿಯಾದ ವೃತ್ತಿ. 1986ರಿಂದ ಅವರದ್ದೇ ಒಂದು ಸಂಘ ಇದೆ. ಮಾಡಿದ ಕೆಲಸ ತೋರಿಸಿ, ಪರೀಕ್ಷಕರಿಂದ ಸೈ ಅನ್ನಿಸಿಕೊಂಡರೆ ಮಾತ್ರ ಅದರ ಒಳಗೆ ಸೇರಿಸಿಕೊಳ್ಳುತ್ತಾರೆ. ಮೊದಲ ಭೇಟಿಗೆ ನನ್ನನ್ನೂ ಎಳೆದುಕೊಂಡು ಹೋದ. ನನಗೂ ಸುಮ್ನೆ ಕುತೂಹಲ. ಗ್ರಂಥಾಲಯದ ಪಕ್ಕದ ಕಾಫಿ ಅಂಗಡಿಯಲ್ಲಿ ಆ ಹೆಂಗಸು ಕೂತಿದ್ದರು. ಬಿಳಿ ಕೂದಲು, ಮೂಗಿನ ತುದಿಗೆ ಕನ್ನಡಕ, ಎದುರಿಗೆ ಆರಿದ ಚಹಾ. ಅವನು ಕಥೆಯೆಲ್ಲ ಹೇಳಿ ಮುಗಿಸುವವರೆಗೆ ಕೇಳಿಸಿಕೊಂಡರು. ಆಮೇಲೆ ಅಂದರು: "ಕಾರ್ಕಿನ ಮರ್ಫಿ. ಸರಿ. ಯಾವ ಮರ್ಫಿ?"

ಮರ್ಫಿ ಅನ್ನೋದು ಐರ್ಲೆಂಡಿನಲ್ಲೇ ಅತಿ ಹೆಚ್ಚು ಜನರಿಗಿರುವ ಅಡ್ಡಹೆಸರು. ಅದರಲ್ಲೂ ಕಾರ್ಕಿನಲ್ಲಿ ಕಲ್ಲು ಎಸೆದರೆ ಮರ್ಫಿಗೇ ತಾಗುತ್ತದೆ. ನಮ್ಮ ಕಡೆ ಬಂದು "ಧಾರವಾಡ ಜಿಲ್ಲೆಯ ಪಾಟೀಲರ ಮನೆ ಎಲ್ಲಿ" ಅಂತ ಕೇಳಿದ ಹಾಗೆ. ಅವರಿಗೆ ಬೇಕಾಗಿದ್ದು ಟೌನ್‌ಲ್ಯಾಂಡಿನ ಹೆಸರು. ಹೆಸರಿನಲ್ಲಿ ಟೌನ್ ಇದ್ದರೂ ಅದು ಪಟ್ಟಣ ಅಲ್ಲ. ನಾಲ್ಕೈದು ಮನೆ, ಒಂದಿಷ್ಟು ಹೊಲ, ಒಂದು ಹಳ್ಳ. ನಮ್ಮಲ್ಲಿ ಮಜರೆ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ಇಂಥವು ಐರ್ಲೆಂಡಿನ ತುಂಬ 60,000ಕ್ಕೂ ಜಾಸ್ತಿ ಇವೆ. ಒಂದೇ ಹೆಸರಿನವು ಹತ್ತಾರು. ಟೌನ್‌ಲ್ಯಾಂಡ್ ಸಿಕ್ಕರೆ ಕೆಲಸ ಅರ್ಧ ಮುಗಿದಂತೆ. ಸಿಗದಿದ್ದರೆ ಕಾರ್ಕಿನಲ್ಲಿ ಒಬ್ಬ ಜೇಮ್ಸ್ ಮರ್ಫಿಯನ್ನು ಹುಡುಕೋದು ಹುಲ್ಲಿನ ಬಣವೆಯಲ್ಲಿ ಒಂದು ಹುಲ್ಲುಕಡ್ಡಿ ಹುಡುಕಿದ ಹಾಗೆ. ಸೂಜಿ ಆಗಿದ್ದರೆ ಕನಿಷ್ಠ ಹೊಳೆಯುತ್ತಿತ್ತು.

ಅವರ ಮಾತು ಕೇಳುತ್ತಾ ನನಗೆ ನೆನಪಾದವರು ಹೆಳವರು.

ಹಾವೇರಿ ಕಡೆಯ ನಮ್ಮ ಊರಿಗೆ ಸುಗ್ಗಿ ಮುಗಿದ ಮೇಲೆ, ಮನೆಮನೆಯ ವಂಶಾವಳಿ ಹೇಳುವ ಈ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕೂತು ಬರುತ್ತಿದ್ದರಂತೆ ಹಿಂದೆ. ನಾನು ನೋಡುವ ಹೊತ್ತಿಗೆ ಟೆಂಪೋ ಬಂದಿತ್ತು. ಕಟ್ಟೆಯ ಮೇಲೆ ಕೂತು, ಬಟ್ಟೆ ಸುತ್ತಿದ ಹಳೆಯ ಪುಸ್ತಕ ಬಿಚ್ಚಿ, "ನಿಮ್ಮ ಮುತ್ತ್ಯಾನ ಮುತ್ತ್ಯಾ ಮುಂಡರಗಿ ಕಡಿಯಿಂದ ಬಂದಾಂವರಿ" ಅಂತ ಶುರು ಮಾಡಿದರೆ ನಮ್ಮ ಅಜ್ಜಿ ಕೈಯಲ್ಲಿದ್ದ ಮೊರ ಕೆಳಗಿಟ್ಟು ಕೂತುಬಿಡುತ್ತಿದ್ದಳು. ಮುಗಿದ ಮೇಲೆ ಜೋಳ, ಒಂದಿಷ್ಟು ರೊಕ್ಕ, ಕೆಲವು ಸಲ ಒಂದು ಧೋತರ. ಆ ವರ್ಷ ಹುಟ್ಟಿದ ಕೂಸುಗಳ ಹೆಸರು ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಿದ್ದರು. ಕಾಫಿ ಅಂಗಡಿಯ ಈ ಹೆಂಗಸಿಗೆ ನಾನು ಮನಸ್ಸಿನಲ್ಲೇ ಹೆಳವಮ್ಮ ಅಂತ ಹೆಸರಿಟ್ಟೆ. ಆಮೇಲೆ ಯಾವಾಗಲೋ ಅದರ ಅರ್ಥ ಹೇಳಿದಾಗ ಅವರು ಖುಷಿಪಟ್ಟರು. ಎತ್ತು ಬೇಕು ಅಂತ ಕೇಳಿದರು.

ಐರ್ಲೆಂಡಿನಲ್ಲೂ ಒಂದು ಕಾಲಕ್ಕೆ ಹೆಳವರಂಥವರು ಇದ್ದರು. ಅರಸು ಮನೆತನಗಳ ವಂಶಾವಳಿಯನ್ನು ತಲೆಮಾರಿನಿಂದ ತಲೆಮಾರಿಗೆ ಬರೆದಿಡುವ ಮನೆಗಳು. ಸ್ಲೈಗೋ ಕಡೆಯ ಮಕ್ ಫಿರ್‌ವಿಶಿ ಮನೆತನ ಅಂಥದ್ದು. ಆ ಮನೆಯ ಡುವಾಲ್ಟಕ್ ಅನ್ನುವವನು 1649-50ರಲ್ಲಿ, ಕ್ರಾಮ್‌ವೆಲ್ಲನ ಸೈನ್ಯ ದೇಶವನ್ನು ತುಳಿಯುತ್ತಿದ್ದ ಹೊತ್ತಿನಲ್ಲಿ, ಗಾಲ್ವೇಯಲ್ಲಿ ಕೂತು ಸಾವಿರಾರು ಹೆಸರುಗಳ ಒಂದು ದೊಡ್ಡ ವಂಶಾವಳಿ ಗ್ರಂಥ ಬರೆದ. ಪೋಷಿಸುತ್ತಿದ್ದ ಅರಸರ ಕಾಲ ಮುಗಿದಿತ್ತು. ಅವನು 1671ರಲ್ಲಿ ಮುದುಕನಾಗಿ ಕೊಲೆಯಾಗಿ ಸತ್ತ. ಆ ಹಳೆಯ ವಂಶಾವಳಿಗಳು ಹಿಂದಕ್ಕೆ ಹೋಗುತ್ತಾ ಹೋಗುತ್ತಾ ನೇರವಾಗಿ ಆದಮನಿಗೇ ಮುಟ್ಟುತ್ತವೆ. ಅನ್ನ ಹಾಕಿದವನ ವಂಶ ಉದ್ದ ಆಗೋದು ಎಲ್ಲ ಕಡೆಯೂ ಇದ್ದದ್ದೇ.

ಆದರೆ ಈಗಿನ ಹೆಳವಮ್ಮನ ಕಷ್ಟ ಬೇರೆ. ಅವರ ಪುಸ್ತಕವೇ ಸುಟ್ಟುಹೋಗಿದೆ.

1922ರ ಏಪ್ರಿಲ್‌ನಲ್ಲಿ, ಐರ್ಲೆಂಡಿನ ಸ್ವಾತಂತ್ರ್ಯದ ಬಗ್ಗೆ ಬ್ರಿಟಿಷರ ಜೊತೆ ಆದ ಒಪ್ಪಂದ ಒಪ್ಪದ ಬಣ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡಗಳನ್ನು ಹಿಡಿದು ಕೂತಿತು. ನ್ಯಾಯಾಲಯದ ಆವರಣದಲ್ಲೇ ಸರ್ಕಾರಿ ದಾಖಲೆಗಳ ಭಂಡಾರವೂ ಇತ್ತು. ಜೂನ್ 28ರಂದು ಹೊಸ ಸರ್ಕಾರದ ಸೈನ್ಯ ಫಿರಂಗಿ ಹಾರಿಸಿತು. 30ಕ್ಕೆ ಭಾರಿ ಸ್ಫೋಟ, ಬೆಂಕಿ. ಏಳು ನೂರು ವರ್ಷಗಳ ಕಾಗದ ಹೊಗೆಯಾಗಿ ಊರ ಮೇಲೆ ಹಾರಿತು. ಅರ್ಧ ಸುಟ್ಟ ಹಾಳೆಗಳು ಬೀದಿಬೀದಿಗಳಲ್ಲಿ ಉದುರಿದವಂತೆ. 1821, 1831, 1841, 1851ರ ಜನಗಣತಿಗಳು ಒಂದಿಷ್ಟು ಚೂರು ಬಿಟ್ಟರೆ ಪೂರ್ತಿ ಹೋದವು. ಉಯಿಲುಗಳು ಹೋದವು.

ಇಲ್ಲೊಂದು ವಿಚಿತ್ರ ಇದೆ. ಚರ್ಚ್ ಆಫ್ ಐರ್ಲೆಂಡ್ ಅಂದರೆ ಪ್ರೊಟೆಸ್ಟಂಟರ ಚರ್ಚು, ಒಂದು ಕಾಲಕ್ಕೆ ಅದು ಸರ್ಕಾರದ್ದೇ ಚರ್ಚು. ಅದರ ಜನನ, ಮದುವೆ, ಸಾವಿನ ಪುಸ್ತಕಗಳೂ ಸರ್ಕಾರಿ ದಾಖಲೆ ಆದವು. ಸುರಕ್ಷಿತ ಜಾಗ ಇಲ್ಲದವರು ಡಬ್ಲಿನ್ನಿನ ಭಂಡಾರಕ್ಕೆ ತಂದು ಒಪ್ಪಿಸಿ ಅಂತ 1870ರ ದಶಕದಲ್ಲಿ ಕಾನೂನಾಯಿತು. ಮಾತು ಕೇಳಿದ ಪಾದ್ರಿಗಳು ತಂದುಕೊಟ್ಟರು. ಹೆಚ್ಚುಕಡಿಮೆ ಅಷ್ಟೂ ಸುಟ್ಟುಹೋಯಿತು. ಏನೋ ನೆಪ ಹೇಳಿ ತಮ್ಮ ಮನೆಯಲ್ಲೇ ಇಟ್ಟುಕೊಂಡವರ ಪುಸ್ತಕಗಳು ಇವತ್ತಿಗೂ ಇವೆ. ಕ್ಯಾಥೊಲಿಕರ ಪುಸ್ತಕಗಳನ್ನು ಸರ್ಕಾರ ಯಾವತ್ತೂ ತನ್ನದು ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲ. ಹಾಗಾಗಿ ಅವು ಪಾದ್ರಿಗಳ ಮನೆಯ ಬೀರುಗಳಲ್ಲಿ, ಇಲಿ ತಿಂದು, ತೇವ ಹಿಡಿದು, ಆದರೂ ಉಳಿದವು. ರಾಷ್ಟ್ರೀಯ ಗ್ರಂಥಾಲಯ ಆಮೇಲೆ ಅವುಗಳ ಮೈಕ್ರೋಫಿಲ್ಮ್ ಮಾಡಿಸಿ, 2015ರಲ್ಲಿ ಅಷ್ಟನ್ನೂ ಪುಕ್ಕಟೆಯಾಗಿ ಇಂಟರ್ನೆಟ್ಟಿಗೆ ಹಾಕಿತು. ದೇಶದ ಬಹುಪಾಲು ಬಡವರ ವಂಶಾವಳಿ ಇವತ್ತು ಸಿಗುತ್ತದೆ ಅಂದರೆ ಸರ್ಕಾರ ಅವರನ್ನು ಕಡೆಗಣಿಸಿದ್ದೂ ಒಂದು ಕಾರಣ.

ಎಲ್ಲ ಪಾಪವನ್ನೂ ಆ ಬೆಂಕಿಯ ತಲೆಗೆ ಕಟ್ಟೋದು ಇಲ್ಲಿಯ ಜನರ ಅಭ್ಯಾಸ. "1922ರಲ್ಲಿ ಎಲ್ಲ ಸುಟ್ಟುಹೋಯ್ತಲ್ಲ" ಅಂತ ಟ್ಯಾಕ್ಸಿ ಡ್ರೈವರೂ ಹೇಳುತ್ತಾನೆ. ಹೆಳವಮ್ಮನಿಗೆ ಈ ಮಾತು ಕೇಳಿದರೆ ಸಿಟ್ಟು. 1861 ಮತ್ತು 1871ರ ಗಣತಿ ಹಾಳೆಗಳನ್ನು ಬೆಂಕಿ ಮುಟ್ಟಲೇ ಇಲ್ಲ. ಲೆಕ್ಕ ಮುಗಿಯಿತು, ಇನ್ನು ಬೇಡ ಅಂತ ಸರ್ಕಾರವೇ ಆಜ್ಞೆ ಕೊಟ್ಟು ನಾಶ ಮಾಡಿಸಿತ್ತು. 1881, 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿಗೆ ಹೋಗಿ ತಿರುಳಾದವು. ಕಚೇರಿಯ ಗುಮಾಸ್ತರು ಸದ್ದಿಲ್ಲದೆ ಮಾಡಿದ ಕೆಲಸ. ಬೆಂಕಿಯಾದರೆ ಹೇಳಿಕೊಳ್ಳೋಕೆ ಒಂದು ಕಥೆಯಾದರೂ ಆಗುತ್ತದೆ. ಕೊನೆಗೆ ಇಡಿಯಾಗಿ ಉಳಿದ ಹಳೆಯ ಗಣತಿಗಳು ಅಂದರೆ 1901 ಮತ್ತು 1911ರವು ಮಾತ್ರ.

ನಮ್ಮ ಜೇಮ್ಸ್ ಹೋದದ್ದು 1848ರಲ್ಲಿ. ಅವನಿಗೂ 1901ಕ್ಕೂ ನಡುವೆ ಅರ್ಧ ಶತಮಾನದ ಕತ್ತಲೆ. ಅದೂ ಎಂಥಾ ಅರ್ಧ ಶತಮಾನ. 1841ರಲ್ಲಿ ದೇಶದ ಜನಸಂಖ್ಯೆ 81 ಲಕ್ಷ ದಾಟಿತ್ತು. 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಸುಮಾರು ಹತ್ತು ಲಕ್ಷ ಜನ ಹಸಿವು, ಜ್ವರದಿಂದ ಸತ್ತರು, ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. 1851ರ ಹೊತ್ತಿಗೆ 65 ಲಕ್ಷ. ಸತ್ತವರನ್ನು ಬರೆದುಕೊಳ್ಳುವ ವ್ಯವಸ್ಥೆಯೇ ಇರಲಿಲ್ಲ, ಎಲ್ಲರ ಜನನ ಮರಣ ನೋಂದಣಿ ಶುರುವಾಗಿದ್ದು 1864ಕ್ಕೆ. ಯಾರ ಲೆಕ್ಕ ಬೇಕಾಗಿತ್ತೋ ಅವರದ್ದೇ ಲೆಕ್ಕ ಇಲ್ಲ.

ಹಾಗಾದರೆ ಈ ಜನ ಹುಡುಕೋದು ಎಲ್ಲಿ? ಚಿಲ್ಲರೆ ಕಾಗದಗಳಲ್ಲಿ. ಈ ವಿದ್ಯೆಯಲ್ಲಿ ನನಗೆ ತುಂಬಾ ಇಷ್ಟವಾದದ್ದೇ ಇದು.

ಮೊದಲನೆಯದು ಗ್ರಿಫಿತ್ ಎಂಬ ಅಧಿಕಾರಿ 1847ರಿಂದ 1864ರವರೆಗೆ ದೇಶದ ಒಂದೊಂದು ಹೊಲ, ಒಂದೊಂದು ಗುಡಿಸಲಿಗೂ ಕಂದಾಯಕ್ಕಾಗಿ ಬೆಲೆ ಕಟ್ಟಿಸಿದ ಪಟ್ಟಿ. ನಮ್ಮ ಪಹಣಿ ಥರ ಅನ್ನಿ. ಉಳುವವನು ಯಾರು, ಯಾರಿಂದ ಗೇಣಿಗೆ ಪಡೆದದ್ದು, ಎಷ್ಟು ಎಕರೆ, ಮನೆಯ ಬೆಲೆ ಎಷ್ಟು ಶಿಲ್ಲಿಂಗ್. ಹೆಂಡತಿ ಮಕ್ಕಳ ಹೆಸರಿಲ್ಲ. ಹೊಲ ಹಿಡಿದವನ ಹೆಸರೊಂದೇ. ಒಂದೇ ಹೆಸರಿನ ನಾಲ್ಕು ಜನ ಒಂದೇ ಊರಲ್ಲಿದ್ದರೆ ಗುಮಾಸ್ತ ಪಕ್ಕದಲ್ಲಿ ಅಪ್ಪನ ಹೆಸರನ್ನೋ, ಕೂದಲ ಬಣ್ಣವನ್ನೋ ಬರೆದಿರುತ್ತಾನೆ. ನಮ್ಮೂರಲ್ಲಿ ಕೆಂಪ ಬಸಪ್ಪ, ಕರೇ ಬಸಪ್ಪ ಇದ್ದ ಹಾಗೆ ಅಲ್ಲೂ ಕೆಂಪು, ಬಿಳಿ ರಯನ್‌ಗಳು. ಆಮೇಲಿನ ವರ್ಷಗಳಲ್ಲಿ ಹೊಲ ಕೈ ಬದಲಿಸಿದಾಗಲೆಲ್ಲ ಹಳೆಯ ಹೆಸರಿಗೆ ಬಣ್ಣದ ಶಾಯಿಯಲ್ಲಿ ಗೀಟು ಹೊಡೆದು ಮೇಲೆ ಹೊಸ ಹೆಸರು ಬರೆದಿದ್ದಾರೆ. ಆ ಪುಸ್ತಕ ನೋಡಿದರೆ ಅಪ್ಪ ಸತ್ತದ್ದು, ಮಗನಿಗೆ ಬಂದದ್ದು, ಮಗ ಬಿಟ್ಟು ಹೋದದ್ದು ಎಲ್ಲ ಶಾಯಿಯ ಬಣ್ಣದಲ್ಲೇ ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿ ಅಜ್ಜ ತೀರಿಕೊಂಡಾಗ ಫೌತಿ ಖಾತೆ ಮಾಡಿಸೋಕೆ ಅಪ್ಪ ಒಂದು ವರ್ಷ ಓಡಾಡಿದ್ದರು. ಅದೂ ನೆನಪಾಯಿತು.

ಎರಡನೆಯದು ನಾಯಿಗಳು. 1866ರಿಂದ ಇಲ್ಲಿ ನಾಯಿ ಸಾಕೋಕೆ ಲೈಸೆನ್ಸು ಬೇಕಾಯಿತು. ಆ ರಿಜಿಸ್ಟರುಗಳು ಉಳಿದಿವೆ! ಯಜಮಾನನ ಹೆಸರು, ಟೌನ್‌ಲ್ಯಾಂಡ್, ನಾಯಿಯ ಬಣ್ಣ, ಜಾತಿ. ಒಬ್ಬ ರೈತ ಯಾವ ವರ್ಷ ಹುಟ್ಟಿದ ಅಂತ ಗೊತ್ತಿಲ್ಲ, ಆದರೆ ಅವನ ನಾಯಿ ಕಪ್ಪು ಬಿಳುಪು ಅಂತ ಗೊತ್ತು. ಇನ್ನೊಂದು ಸಣ್ಣ ಕೋರ್ಟುಗಳ ಪುಸ್ತಕ. ಕುಡಿದು ಬಿದ್ದಿದ್ದಕ್ಕೆ, ಹಸು ರಸ್ತೆಗೆ ಬಿಟ್ಟಿದ್ದಕ್ಕೆ, ಗಾಡಿಗೆ ದೀಪ ಕಟ್ಟದೆ ಓಡಿಸಿದ್ದಕ್ಕೆ ದಂಡ. ಹೆಳವಮ್ಮನ ಪ್ರಕಾರ ಒಳ್ಳೆಯ ಪೂರ್ವಜನಷ್ಟು ತಲೆನೋವು ಇನ್ನೊಂದಿಲ್ಲ. ದಂಡ ಕಟ್ಟದೆ, ಜಗಳ ಆಡದೆ, ನಾಯಿ ಸಾಕದೆ ಬದುಕಿದವನು ಕಾಗದಕ್ಕೆ ಸಿಗೋದೇ ಇಲ್ಲ.

ಮೂರನೆಯದು ಪಿಂಚಣಿ. 1909ರ ಜನವರಿಯಿಂದ 70 ತುಂಬಿದ ಬಡವರಿಗೆ ವಾರಕ್ಕೆ 5 ಶಿಲ್ಲಿಂಗ್ ವರೆಗೆ ಸರ್ಕಾರಿ ಪಿಂಚಣಿ ಶುರುವಾಯಿತು. ಆಗಿನ ಕಾಲಕ್ಕೆ ಅದು ದೊಡ್ಡ ದುಡ್ಡು. ಆದರೆ 70 ಆಗಿದೆ ಅಂತ ತೋರಿಸೋದು ಹೇಗೆ? ನೋಂದಣಿ ಶುರುವಾದದ್ದೇ 1864ರಲ್ಲಿ, ಜನನ ಪತ್ರ ಯಾರ ಹತ್ತಿರ ಇರಬೇಕು? ಆಗ ಕೇಳೋಕೆ ಶುರು ಮಾಡಿದರು: "ದೊಡ್ಡ ಗಾಳಿಯ ರಾತ್ರಿ ನೆನಪಿದೆಯಾ?" 1839ರ ಜನವರಿ 6ರ ರಾತ್ರಿ ಐರ್ಲೆಂಡಿನ ಮೇಲೆ ಒಂದು ಭಯಂಕರ ಬಿರುಗಾಳಿ ಬೀಸಿತ್ತು. ಮನೆಗಳ ಹುಲ್ಲುಮಾಡು ಹಾರಿಹೋಗಿ, ಮರಗಳು ಬುಡಸಮೇತ ಉರುಳಿದ್ದವು. ಅದು ನೆನಪಿದ್ದರೆ 70 ದಾಟಿದೆ ಅಂತಲೇ ಲೆಕ್ಕ. ಸರಿ, ಊರಿಗೆ ಊರೇ ಗಾಳಿಯನ್ನು ನೆನಪಿಸಿಕೊಂಡಿತು. ಆ ರಾತ್ರಿ ಕೈಯಲ್ಲಿ ಆಲೂಗಡ್ಡೆ ಹಿಡಿದು ತಿನ್ನುತ್ತಿದ್ದೆ ಅಂತ ಹೇಳೋದು ಒಂದು ವಾಡಿಕೆಯೇ ಆಗಿಬಿಟ್ಟಿತಂತೆ. 1901ರ ಗಣತಿಯಲ್ಲಿ 54 ಇದ್ದವನು 1911ರಲ್ಲಿ 71 ಆಗಿರೋದು ಇಲ್ಲಿ ತೀರಾ ಸಾಮಾನ್ಯ. ಹತ್ತು ವರ್ಷದಲ್ಲಿ ಹದಿನೇಳು ವರ್ಷ ದಾಟಿದ ಮುದುಕರು.

ಎಲ್ಲರೂ ಸುಳ್ಳು ಹೇಳಿದರು ಅನ್ನೋಕೂ ಆಗಲ್ಲ. ನಮ್ಮಜ್ಜಿಗೆ ವಯಸ್ಸೆಷ್ಟು ಅಂತ ಕೇಳಿದರೆ "ಪ್ಲೇಗ್ ಬಂದಾಗ ನಾ ಇಷ್ಟಿದ್ದೆ" ಅಂತ ಕೈಯಲ್ಲಿ ಎತ್ತರ ತೋರಿಸುತ್ತಿದ್ದಳು. ಐದು ಶಿಲ್ಲಿಂಗ್ ಸಿಗುತ್ತದೆ ಅಂದಿದ್ದರೆ ಕೈ ಒಂದು ಗೇಣು ಮೇಲೆ ಹೋಗುತ್ತಿತ್ತೋ ಏನೋ.

ಮಜಾ ಇರೋದು ಮುಂದೆ. ನಂಬದ ಅಧಿಕಾರಿಗಳು ಸಾಕ್ಷಿ ಕೇಳಿದಾಗ, ಅರ್ಜಿದಾರರು ಡಬ್ಲಿನ್ನಿಗೆ ಬರೆದು, 1841 ಮತ್ತು 1851ರ ಗಣತಿಯಲ್ಲಿ ನನ್ನ ಹೆಸರು ಹುಡುಕಿಕೊಡಿ ಅಂತ ಕೇಳಿದರು. ಗುಮಾಸ್ತರು ಹುಡುಕಿ, ಚೀಟಿಯಲ್ಲಿ ಬರೆದಿಟ್ಟರು: ಇಂಥ ಟೌನ್‌ಲ್ಯಾಂಡ್, ಅಪ್ಪ ಅಮ್ಮ ಇಂಥವರು, ಈ ಹುಡುಗಿಗೆ ಆಗ ಇಷ್ಟು ವಯಸ್ಸು. 1922ರಲ್ಲಿ ಗಣತಿ ಸುಟ್ಟಿತು. ಚೀಟಿಗಳು ಉಳಿದವು. ಪಿಂಚಣಿಯ ಆಸೆಯಿಂದ ಕೇಳಿದ ಸಾವಿರಾರು ಮುದುಕರಿಂದಾಗಿ ಸುಟ್ಟ ಗಣತಿಯ ಅಷ್ಟು ತುಣುಕು ಇವತ್ತು ಓದೋಕೆ ಸಿಗುತ್ತದೆ.

ಕಾಗದ ಸಿಕ್ಕಿತು ಅಂದುಕೊಳ್ಳಿ. ಆಗ ಹೆಸರಿನ ಗೋಜಲು ಶುರು. ಕ್ಯಾಥೊಲಿಕ್ ಪಾದ್ರಿಗಳು ಹಲವು ಕಡೆ ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದರು. ಜೇಮ್ಸ್ ಯಾಕೋಬುಸ್ ಆಗುತ್ತಾನೆ, ವಿಲಿಯಂ ಗುಲಿಯೆಲ್ಮುಸ್ ಆಗುತ್ತಾನೆ. ಮನೆಯಲ್ಲಿ ಐರಿಶ್ ಭಾಷೆಯಲ್ಲಿ ಡಿಯರ್ಮಡ್ ಅಂತ ಕರೆಸಿಕೊಂಡವನು ಸರ್ಕಾರಿ ಕಾಗದದಲ್ಲಿ ಜೆರಮಾಯ, ಪಕ್ಕದ ಮನೆಯವರ ಬಾಯಲ್ಲಿ ಡಾರ್ಬಿ. ಬ್ರಿಜಿಟ್ ಅಮೆರಿಕಕ್ಕೆ ಹೋಗಿ ಡೀಲಿಯಾ ಆಗುತ್ತಾಳೆ. ಅಡ್ಡಹೆಸರೂ ನೆಟ್ಟಗಿಲ್ಲ. ಮಕ್ ಗವನ್ ಅಂದರೆ ಕಮ್ಮಾರನ ಮಗ. ಒಬ್ಬ ಮಗ ಅದನ್ನು ಮೆಗವನ್ ಅಂತ ಉಳಿಸಿಕೊಂಡ, ಇನ್ನೊಬ್ಬ ಇಂಗ್ಲಿಷಿಗೆ ತಿರುಗಿಸಿ ಸ್ಮಿತ್ ಆದ. ಒಡಹುಟ್ಟಿದ ಮೆಗವನ್ ಮತ್ತು ಸ್ಮಿತ್. ಮೇಲಾಗಿ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು ಇಡೋ ಪದ್ಧತಿ. ಇದು ನಮಗೂ ಗೊತ್ತಿರೋದೇ. ಐದು ಜನ ಅಣ್ಣತಮ್ಮಂದಿರು ಇದ್ದರೆ ಐದು ಮನೆಯಲ್ಲೂ ಒಬ್ಬ ಡೇನಿಯಲ್ ಮರ್ಫಿ, ಎಲ್ಲರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಇಂಥ ಕಡೆ ಹೆಳವಮ್ಮ ಅಪ್ಪ ಅಮ್ಮನ ಹೆಸರು ಪಕ್ಕಕ್ಕಿಟ್ಟು ದೀಕ್ಷಾಸ್ನಾನಕ್ಕೆ ನಿಂತ ಸಾಕ್ಷಿಗಳ ಹೆಸರು ಓದುತ್ತಾರೆ. ಅಲ್ಲಿ ಚಿಕ್ಕಮ್ಮ, ಸೋದರಮಾವ, ಪಕ್ಕದ ಮನೆಯವರು ಸಿಗುತ್ತಾರೆ. ಮನುಷ್ಯನನ್ನು ಅವನ ನೆಂಟರಿಂದ ಗುರುತು ಹಿಡಿಯೋದು.

ತಪ್ಪು ಗುರುತು ಹಿಡಿದರೆ ಏನಾಗುತ್ತದೆ ಅನ್ನೋದಕ್ಕೆ ಅವರು ಆನಿ ಮೂರ್ ಕಥೆ ಹೇಳಿದರು. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ವಲಸೆ ಕೇಂದ್ರ ತೆರೆದಾಗ ಮೊದಲು ಕಾಲಿಟ್ಟವಳು ಕಾರ್ಕಿನ ಹುಡುಗಿ ಆನಿ. 17 ವರ್ಷ, ಜೊತೆಗೆ ಇಬ್ಬರು ತಮ್ಮಂದಿರು. ಅಧಿಕಾರಿಗಳು ಅವಳ ಕೈಗೆ 10 ಡಾಲರಿನ ಚಿನ್ನದ ನಾಣ್ಯ ಕೊಟ್ಟರು. ಅವಳ ಪ್ರತಿಮೆ ಆ ದ್ವೀಪದಲ್ಲೂ ಇದೆ, ಅವಳು ಹಡಗು ಹತ್ತಿದ ಕೋವ್ ಬಂದರಿನಲ್ಲೂ ಇದೆ. ಆಮೇಲೆ ಅವಳು ಟೆಕ್ಸಾಸಿಗೆ ಹೋದಳು, 1923ರಲ್ಲಿ ಟ್ರಾಮಿಗೆ ಸಿಕ್ಕಿ ಸತ್ತಳು ಅಂತ ದಶಕಗಟ್ಟಲೆ ಎಲ್ಲರೂ ನಂಬಿದ್ದರು. ಅಲ್ಲಿಯ ವಂಶಸ್ಥರನ್ನು ಸಮಾರಂಭಗಳಿಗೆ ಕರೆಯುತ್ತಿದ್ದರು. ಮೇಗನ್ ಸ್ಮೋಲೆನ್ಯಾಕ್ ಎಂಬ ಅಮೆರಿಕದ ಜೀನಿಯಾಲಜಿಸ್ಟ್ ಹಳೆಯ ಕಾಗದ ನೋಡುವಾಗ ಟೆಕ್ಸಾಸಿನ ಆನಿ ಹುಟ್ಟಿದ್ದೇ ಅಮೆರಿಕದ ಇಲಿನಾಯ್‌ನಲ್ಲಿ ಅಂತ ಕಂಡಿತು. ನಿಜವಾದ ಆನಿಯನ್ನು ಹುಡುಕಿಕೊಟ್ಟವರಿಗೆ 1,000 ಡಾಲರ್ ಅಂತ ಘೋಷಿಸಿದರು. 2006ರಲ್ಲಿ ಸಿಕ್ಕಳು. ಟೆಕ್ಸಾಸ್ ಇರಲಿ, ಅವಳು ಮ್ಯಾನ್‌ಹಟನ್ನಿನ ಕೆಳಭಾಗದ ಬಡವರ ಬೀದಿಗಳನ್ನೇ ಬಿಟ್ಟು ಹೋಗಿರಲಿಲ್ಲ. ಮದುವೆಯಾದಳು, ಹೆತ್ತಳು, ಹೆತ್ತ ಮಕ್ಕಳಲ್ಲಿ ಹಲವನ್ನು ಕಳೆದುಕೊಂಡಳು, 1924ರಲ್ಲಿ ಸತ್ತಳು. ಕ್ವೀನ್ಸಿನ ಸ್ಮಶಾನದಲ್ಲಿ ಅವಳ ಗೋರಿಗೆ ಒಂದು ಕಲ್ಲೂ ಇರಲಿಲ್ಲ. 2008ರಲ್ಲಿ ಹಾಕಿದರು.

ಟೆಕ್ಸಾಸಿನ ಆ ಕುಟುಂಬದ ಬಗ್ಗೆ ನಾನು ತುಂಬಾ ಯೋಚಿಸಿದೆ. ಅವರೇನೂ ಮೋಸ ಮಾಡಿರಲಿಲ್ಲ. ಯಾರೋ ಅಜ್ಜಿಯ ಕಥೆ ಹೇಳಿದರು, ನಂಬಿದರು. ಒಂದು ಬೆಳಗ್ಗೆ ಅವರ ಅಜ್ಜಿಯ ಪ್ರತಿಮೆ ಬೇರೆಯವರ ಅಜ್ಜಿಯದಾಯಿತು.

ಒಂದು ದಿನ ಹೆಳವಮ್ಮ ನನ್ನನ್ನೇ ಕೇಳಿದರು, "ನೀನು ಬೆಂಗಳೂರಿನವನಾ?" ಅಲ್ಲ, ಹಾವೇರಿ ಕಡೆಯವನು ಅಂದೆ. ಅವರಿಗೆ ಸ್ವಲ್ಪ ನಿರಾಸೆ. ಅವರ ಇನ್ನೊಬ್ಬ ಗಿರಾಕಿಯ ಪೂರ್ವಜರು ಬೆಂಗಳೂರು ಕಂಟೋನ್ಮೆಂಟಿನಲ್ಲಿ ಇದ್ದವರಂತೆ. ಕಂಪನಿ ಸೈನ್ಯದ ಬಿಳಿ ಸಿಪಾಯಿಗಳಲ್ಲಿ ಐರಿಶ್ ಬಡವರು ಬಹಳ. ಮದ್ರಾಸ್ ಪ್ರಾಂತ್ಯದ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಹೂಳಿದ ಲೆಕ್ಕದ ನಕಲುಗಳು ಲಂಡನ್ನಿಗೆ ಹೋಗುತ್ತಿದ್ದವು. ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಂದರೆ ಕಾರ್ಕಿನಿಂದ ಬಂದ ಸಿಪಾಯಿಗೆ ಬೆಂಗಳೂರಿನಲ್ಲಿ ಹುಟ್ಟಿದ ಮಗುವಿನ ಲೆಕ್ಕ ಸಲೀಸಾಗಿ ಸಿಗಬಹುದು, ಅವನ ಅಣ್ಣನಿಗೆ ಕಾರ್ಕಿನಲ್ಲೇ ಹುಟ್ಟಿದ ಮಗುವಿನದ್ದು ಸಿಗದೇ ಹೋಗಬಹುದು. ಮದ್ರಾಸಿನ ಒಂದು ರೆಜಿಮೆಂಟು ಮತ್ತು ಬಾಂಬೆಯ ಒಂದು ರೆಜಿಮೆಂಟು ಸೇರಿಸಿಯೇ 1881ರಲ್ಲಿ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್ ಮಾಡಿದ್ದು ಅಂತ ಅವರೇ ಹೇಳಿದರು. ನಮ್ಮ ಕಡೆಯ ಇತಿಹಾಸವನ್ನು ನಾನು ಡಬ್ಲಿನ್ನಿನಲ್ಲಿ ಕೂತು ಕೇಳಿಸಿಕೊಂಡೆ.

ಅಡ್ಡಹೆಸರಿನ ಲಾಂಛನ ಅಚ್ಚು ಹಾಕಿದ ಲೋಟ ಮಾರುವ ಅಂಗಡಿಗಳ ಬಗ್ಗೆ ಅವರದ್ದು ಒಂದೇ ಮಾತು: "ಚಹಾ ಕುಡಿಯೋಕೆ ಚೆನ್ನಾಗಿರುತ್ತೆ." ಲಾಂಛನ ಕೊಡೋದು ಒಬ್ಬ ವ್ಯಕ್ತಿಗೆ. ಮರ್ಫಿ ಅನ್ನೋ ಕಾರಣಕ್ಕೆ ಎಲ್ಲ ಮರ್ಫಿಗಳಿಗೂ ಸೇರೋದಲ್ಲ. ಡಿಎನ್ಎ ಪರೀಕ್ಷೆಯನ್ನು ಅವರು ಬಳಸುತ್ತಾರೆ, ಆದರೆ ಬಿಡಿಸಿ ಹೇಳುವ ಮೊದಲು ಗಿರಾಕಿಯನ್ನು ಎರಡು ಸಲ ಕೇಳುತ್ತಾರಂತೆ, ನಿಜವಾಗಲೂ ಬೇಕಾ ಅಂತ.

ಎರಡು ತಿಂಗಳಾದ ಮೇಲೆ ವರದಿ ಬಂತು. ಹದಿನಾಲ್ಕು ಪುಟ. ಅದರಲ್ಲಿ ಒಂಬತ್ತು ಪುಟ ಏನೇನು ಸಿಗಲಿಲ್ಲ ಅನ್ನೋದರ ಬಗ್ಗೆ. ಬಾಸ್ಟನ್ನಿನ ಕ್ಯಾಥೊಲಿಕ್ ಪತ್ರಿಕೆ 'ದಿ ಪೈಲಟ್' 1831ರಿಂದ 1921ರವರೆಗೆ ಕಳೆದುಹೋದವರನ್ನು ಹುಡುಕುವ ಜಾಹೀರಾತು ಹಾಕುತ್ತಿತ್ತು. ಹಡಗು ಇಳಿದು ದಿಕ್ಕಾಪಾಲಾದ ಅಣ್ಣನಿಗಾಗಿ ತಂಗಿ, ಗಂಡನಿಗಾಗಿ ಹೆಂಡತಿ ಹಾಕಿಸಿದ್ದು. ಅದರಲ್ಲಿ ಎಷ್ಟೋ ಸಲ ಊರಿನ ಹೆಸರು ಸರಿಯಾಗಿ ಇರುತ್ತದೆ. ಯಾಕೆಂದರೆ ಹುಡುಕುತ್ತಿದ್ದವರಿಗೂ ಅದೇ ಪ್ರಶ್ನೆ ಎದುರಾಗಿತ್ತು, ಯಾವ ಮರ್ಫಿ ಅಂತ. ನಮ್ಮ ಜೇಮ್ಸ್‌ನನ್ನು ಯಾರೂ ಹುಡುಕಿರಲಿಲ್ಲ. ಅವನೂ ಯಾರನ್ನೂ ಹುಡುಕಿರಲಿಲ್ಲ. ಸಿಕ್ಕಿದ್ದು ಅವನ ಮದುವೆಯ ದಾಖಲೆ. ಅದರಲ್ಲಿ ಅಪ್ಪ ಡೇನಿಯಲ್, ತಾಯಿ ಮೇರಿ. ಕಾರ್ಕಿನ ಪಶ್ಚಿಮ ಭಾಗದಲ್ಲಿ, ಅಕ್ಕಪಕ್ಕದ ಎರಡು ಪ್ಯಾರಿಷ್‌ಗಳಲ್ಲಿ (ಅಂದರೆ ಒಂದೊಂದು ಚರ್ಚಿಗೆ ಸೇರಿದ ಸೀಮೆ), ಒಂದು ವರ್ಷದ ಅಂತರದಲ್ಲಿ ಇಬ್ಬರು ಯಾಕೋಬುಸ್ ಮರ್ಫಿಗಳು. ಇಬ್ಬರ ಅಪ್ಪನೂ ಡೇನಿಯಲ್, ಇಬ್ಬರ ತಾಯಿಯೂ ಮೇರಿ. ಇಬ್ಬರೂ 1848ರ ಮೇಲೆ ಊರಿನ ಯಾವ ಕಾಗದದಲ್ಲೂ ಇಲ್ಲ. ಒಬ್ಬ ಬಾಸ್ಟನ್ನಿಗೆ ಹೋದ. ಇನ್ನೊಬ್ಬ ಬೇರೆಲ್ಲಿಗೋ ಹೋಗಿರಬಹುದು, ಇಲ್ಲವೇ ಹಸಿವಿನಿಂದ ಸತ್ತಿರಬಹುದು. ಬರೆದುಕೊಂಡವರಿಲ್ಲ.

ಅವರು ವರದಿಯಲ್ಲಿ ಮೂರೇ ಪದ ಬಳಸುತ್ತಾರೆ: ಸಾಬೀತು, ಸಂಭವ, ಸಾಧ್ಯ. ಇಬ್ಬರ ಮುಂದೆಯೂ ಬರೆದದ್ದು ಸಾಧ್ಯ.

ನಮ್ಮ ಮರ್ಫಿಗೆ ಸಿಟ್ಟು ಬಂತು. "ಇಷ್ಟು ದುಡ್ಡು ಕೊಟ್ಟಿದ್ದೇನೆ. ಇಬ್ಬರಲ್ಲಿ ಒಬ್ಬನನ್ನು ಹೇಳೋಕಾಗಲ್ವಾ?" ಅವರು ಸಿಟ್ಟಾಗಲಿಲ್ಲ. "ಹೇಳಬಹುದು," ಅಂದರು. "ನಿನಗೆ ಯಾವುದು ಬೇಕು?" ಅವನು ಸುಮ್ಮನಾದ. ಹೊರಗೆ ಬಂದ ಮೇಲೆ, ಅರ್ಧ ದಾರಿಯಲ್ಲಿ, ನಾನೇ ಕೇಳಿದೆ, ನಿನಗೆ ಯಾವುದು ಬೇಕಿತ್ತು ಅಂತ. "ಅಮ್ಮನಿಗೆ ಯಾವುದಾದರೂ ಆಗುತ್ತಿತ್ತು," ಅಂದ. ಅವನಿಗೆ ಹಾಗಲ್ಲ ಅಂತ ದನಿಯಲ್ಲೇ ಗೊತ್ತಾಗುತ್ತಿತ್ತು.

ನಮ್ಮ ಹೆಳವರು ಯಾವತ್ತಾದರೂ "ಗೊತ್ತಿಲ್ಲರೀ" ಅಂದದ್ದು ನಾನು ಕೇಳಿಲ್ಲ. ಅಜ್ಜಿ ಮೊರ ಕೆಳಗಿಟ್ಟು ಕೇಳಿಸಿಕೊಂಡ ಹೆಸರುಗಳಲ್ಲಿ ಎಷ್ಟು ಸಾಬೀತು, ಎಷ್ಟು ಸಾಧ್ಯ ಅಂತ ನಾನು ಈಗ ಲೆಕ್ಕ ಹಾಕುತ್ತೇನೆ. ಅಜ್ಜಿ ಇದ್ದಿದ್ದರೆ ಬೈಯುತ್ತಿದ್ದಳು.

ಅಕ್ಟೋಬರಿನಲ್ಲಿ ಒಂದು ಶನಿವಾರ ಕಾರು ಬಾಡಿಗೆಗೆ ತೆಗೆದುಕೊಂಡು ಇಬ್ಬರೂ ಕಾರ್ಕಿಗೆ ಹೋದೆವು. ಸಣ್ಣ ಮಳೆ, ಅಲ್ಲಿ ಅದಿಲ್ಲದ ದಿನ ಇಲ್ಲ. ನಕ್ಷೆ ಹಿಡಿದು ಮೊದಲ ಟೌನ್‌ಲ್ಯಾಂಡ್ ಹುಡುಕಿದೆವು. ಕಲ್ಲಿನ ಬೇಲಿ, ಹತ್ತಿಪ್ಪತ್ತು ಕುರಿ, ಮಾಡಿಲ್ಲದ ಒಂದು ಗೋಡೆ. ನಮ್ಮನ್ನು ನೋಡಿ ಟ್ರ್ಯಾಕ್ಟರ್ ನಿಲ್ಲಿಸಿದ ಒಬ್ಬ ಅಜ್ಜ, ಕೇಳುವ ಮೊದಲೇ ಅಂದರು, "ಮರ್ಫಿಗಳಾ? ಇಲ್ಲೂ ಇದ್ದರು, ಅಲ್ಲೂ ಇದ್ದರು." ಅವರು ಕೈ ತೋರಿಸಿದ್ದು ಹಳ್ಳದ ಆಚೆಗೆ. ಅದೇ ಎರಡನೆಯ ಟೌನ್‌ಲ್ಯಾಂಡ್. ದಾಟೋಕೆ ಸೇತುವೆ ಬೇಡ, ನಾಲ್ಕು ಕಲ್ಲು ಇದ್ದವು.

ಅವನು ಈಚೆ ನಿಂತು ಆಚೆಯದರ ಫೋಟೋ ತೆಗೆದ. ಆಮೇಲೆ ಕಲ್ಲಿನ ಮೇಲೆ ಕಾಲಿಟ್ಟು ದಾಟಿ, ಆಚೆ ನಿಂತು ಈಚೆಯದರದ್ದೂ ತೆಗೆದ. ಬಾಸ್ಟನ್ನಿಗೆ ಯಾವುದನ್ನು ಕಳಿಸಿದ ಅಂತ ನಾನು ಕೇಳಲಿಲ್ಲ.